ಅಡುಗೆಮನೆಗೆ ಬಂದ ಬಬಲೇಶ್ವರದ ಲಗ್ನ

ಮಧ್ಯಾಹ್ನದ ಊಟಕ್ಕೆಂದು ವಾಚ್ ರಿಪೇರಿ ಅಂಗಡಿ ಮುಚ್ಚಿ ಮನೆಗೆ ಬಂದ ಅಬ್ದುಲಸಮದನಿಗೆ ಬಾಗಿಲಲ್ಲೇ ಮಗಳು ಶಬನಮಳ ದನಿ ಕೇಳಿಸಿತು.

"ಅಬ್ಬಾಜಿ, ಲಗೂನ ಬರ್ರಿ! ಸಾಯಿರಾ ಫೂಫಿ ಮಗಳ ಲಗ್ನದ ವಿಡಿಯೋ ಬಂದೈತಿ!"

ಅವನ ಹೊಟ್ಟೆಯ ಹಸಿವು ಅಲ್ಲೇ ಸತ್ತುಹೋಯಿತು.

ಸಾಯಿರಾ ಅವನ ಒಬ್ಬಳೇ ತಂಗಿ. ಬಬಲೇಶ್ವರದಲ್ಲಿ ಮಗಳ ಲಗ್ನ ಮಾಡುವಾಗ ಪತ್ರಿಕೆಯನ್ನು ಮನೆಗೆ ತಂದು ಕೊಡದೆ ಮೊಬೈಲಿಗೆ ಕಳಿಸಿಬಿಟ್ಟಿದ್ದಳು. ಅಬ್ದುಲಸಮದನ ಹೆಂಡತಿ ಸಕೀನಾಳ ಸಿಟ್ಟು ನೆತ್ತಿಗೇರಲು ಅಷ್ಟು ಸಾಕಾಯಿತು. "ಈ ಮನ್ಯಾಗಿಂದ ಒಂದು ನರಪಿಳ್ಳಿನೂ ಆ ಲಗ್ನಕ್ಕ ಹೋಗಬಾರ್ದು. ನೀವೇನರ ಅಲ್ಲಿ ಒಂದಗಳು ಅನ್ನ ತಿಂದ್ರ ನಾ ನನ್ನ ತವರುಮನಿಗಿ ಹೋಗ್ತೀನಿ. ಕರೀಲಾಕ ಬರಬ್ಯಾಡ್ರಿ" ಎಂದು ಗಂಡನಿಂದ ಆಣೆ ಮಾಡಿಸಿಕೊಂಡಿದ್ದಳು. ಆಣೆ ಮಾಡಿದ ಪುಣ್ಯಾತ್ಮ ಲಗ್ನದ ದಿನ ಹೊನವಾಡಕ್ಕೆ, ಗೆಳೆಯನ ದ್ರಾಕ್ಷಿ ತೋಟ ನೋಡಲು ಹೋಗುತ್ತೇನೆಂದು ಹೇಳಿ, ಬಬಲೇಶ್ವರದ ಬಸ್ಸು ಹತ್ತಿದ್ದ. ಒಂದಗಳಲ್ಲ, ಎರಡು ತಾಟು ಬಿರಿಯಾನಿ ಹೊಡೆದು ಬಂದಿದ್ದ. ಕರುಳಿನ ಸಂಬಂಧ, ಏನು ಮಾಡುವುದು?

ಮೂರು ತಾಸಿನ ಆ ವಿಡಿಯೋ ಇದ್ದದ್ದು ಹೊರಗಿನ ಖೋಲಿಯ ಕಂಪ್ಯೂಟರಿನಲ್ಲಿ. ಅಲ್ಲಿಂದ ವೈಫೈ ಮೇಲೆ ಹಾದು ಅಡುಗೆಮನೆಯ ಟ್ಯಾಬಿನಲ್ಲಿ ಮೂಡುವಂತೆ ಶಬನಮ ಜೋಡಿಸಿಟ್ಟಿದ್ದಳು. ಸಕ್ಕರೆ ಡಬ್ಬಿಗೆ ಆನಿಸಿಟ್ಟ ಟ್ಯಾಬಿನ ಮುಂದೆ ಪಕ್ಕದ ಮನೆಯ ಗೌರಾಬಾಯಿ ಆಗಲೇ ಮಣೆ ಹಾಕಿಕೊಂಡು ಕೂತಿದ್ದಳು.

"ಆ ಮಂದಿ ಲಗ್ನ ನಮಗ್ಯಾಕ? ಬಂದ ಮಾಡ ಶಬನಮ" ಎಂದಳು ಸಕೀನಾ, ರೊಟ್ಟಿ ಬಡಿಯುತ್ತಲೇ.

"ಖರೇ ಐತಿ ಅಕಿ ಅನ್ನೂದು. ಬಂದ ಮಾಡವಾ" ಎಂದು ಅಬ್ದುಲಸಮದ ಗಬಕ್ಕನೆ ಹೇಳಿದ.

"ಅಯ್ಯ, ಉಣಬ್ಯಾಡ್ರಿ. ನೋಡಾಕೇನು ರೋಗ?" ಎಂದಳು ಗೌರಾಬಾಯಿ. ಲಗ್ನ ಶುರುವಾಗಿಯೇ ಬಿಟ್ಟಿತು.

ಕೈ ತೊಳೆದು ಬರುತ್ತೇನೆಂದು ಅವನು ಹೊರಗಿನ ಖೋಲಿಗೆ ಓಡಿ ಕಂಪ್ಯೂಟರಿನ ಪರದೆಯ ಗುಂಡಿ ಒತ್ತಿದ. ಪರದೆ ಕಪ್ಪಾಯಿತು. ಗೆದ್ದೆ ಎಂದುಕೊಂಡು ಒಳಗೆ ಬಂದರೆ ಟ್ಯಾಬಿನಲ್ಲಿ ಮದುಮಗ ಆರಾಮವಾಗಿ ಕುದುರೆಯಿಂದ ಇಳಿಯುತ್ತಿದ್ದ. ಪರದೆ ಸತ್ತರೆ ಕಂಪ್ಯೂಟರ್ ಸಾಯುವುದಿಲ್ಲವೆಂದು ಪಾಪ, ವಾಚಿನ ಹೊಟ್ಟೆ ಬಿಚ್ಚುವವನಿಗೆ ಹೇಗೆ ಗೊತ್ತಾಗಬೇಕು?

ಮತ್ತೆ ಕೈ ತೊಳೆಯಲು ಹೋದ. ಈ ಸಲ ವೈಫೈ ಡಬ್ಬಿಯ ವಯರನ್ನೇ ಕಿತ್ತ. ಒಳಗೆ ಗೌರಾಬಾಯಿ "ಅಯ್ಯಯ್ಯ, ಹೋತು!" ಎಂದು ಕೂಗಿದ್ದು ಅವನಿಗೆ ತಂಪು ಶರಬತ್ತು ಕುಡಿದಂತಾಯಿತು. ಅಷ್ಟರಲ್ಲಿ ಮಹಡಿಯ ಮೇಲೆ ಬಾಡಿಗೆಗಿದ್ದ ಗೌತಮ ದಡದಡ ಇಳಿದು ಬಂದ. ಇವರ ವೈಫೈಯಲ್ಲೇ ಅವನ ಆಫೀಸು ನಡೆಯುತ್ತಿತ್ತು.

"ಸಮದಣ್ಣಾರ, ಮೀಟಿಂಗ್ ನಡದಿತ್ತು, ನೆಟ್ ಹೋತಲ್ರಿ!" ಎಂದವನೇ ನೆಲದ ಮೇಲಿನ ವಯರು ನೋಡಿದ. "ಇಲಿ ಎಳದೈತಿ ಕಾಣಸ್ತೈತಿ."

"ಹೌದಪಾ, ದೊಡ್ಡ ಇಲಿ" ಎಂದ ಅಬ್ದುಲಸಮದ. ಗೌತಮ ವಯರು ಸಿಕ್ಕಿಸಿ ಮೀಟಿಂಗಿಗೆ ಓಡಿದ.

ಟ್ಯಾಬಿನಲ್ಲಿ ಗಂಡಸರ ಪಂಗತಿ ಬಂತು. ಕ್ಯಾಮೆರಾಕ್ಕೆ ಬೆನ್ನು ಹಾಕಿ ಕೂತ ಹಸಿರು ಅಂಗಿಯವನೊಬ್ಬ ಎರಡನೆಯ ತಾಟಿಗೆ ಕೈ ಚಾಚಿದ. ಮೇಲೆ ಮೀಟಿಂಗು ಜೋರಾಯಿತೋ ಏನೋ, ಚಿತ್ರ ಅಲ್ಲೇ ನಿಂತು, ನಡುವೆ ಒಂದು ಚಕ್ರ ಗಿರಗಿರ ತಿರುಗತೊಡಗಿತು.

"ಈ ಹಸರ ಅಂಗಿ ಎಲ್ಲೋ ನೋಡೇನಲ್ಲಾ?" ಎಂದಳು ಗೌರಾಬಾಯಿ.

ರೊಟ್ಟಿ ಬಡಿಯುವ ಸದ್ದು ನಿಂತಿತು. ಅಬ್ದುಲಸಮದ ಲಗ್ನದ ದಿನ ಹಾಕಿಕೊಂಡಿದ್ದೂ ಹಸಿರು ಅಂಗಿಯೇ. ಚಕ್ರ ತಿರುಗಿತು. ಚಕ್ರ ಇನ್ನೂ ತಿರುಗಿತು. ಪೊಲೀಸರು ಲಾಠಿ ಎತ್ತಿದ್ದರೂ ಅವನು ಇಷ್ಟು ಅಂಜುತ್ತಿರಲಿಲ್ಲ.

"ನಾನ ಅದು! ತಪ್ಪಾತು ಸಕೀನಾ! ಹೊನವಾಡಕ್ಕ ಹೋಗಿರ್ಲಿಲ್ಲ. ಒಬ್ಬಾಕಿ ತಂಗಿ, ಜೀವ ತಡೀಲಿಲ್ಲ. ಎರಡು ತಾಟು ಉಂಡೇನಿ!"

ಸಕೀನಾ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. "ಆಣಿ ಮಾಡಿ ಉಂಡ್ರಿ? ನನ್ನ ಮಾರಿಗಿ ಮಸಿ ಬಳದ್ರಿ? ಆ ಸಾಯಿರಾ ಎಷ್ಟು ನಕ್ಕಿರಬೇಕು! ಶಬನಮ, ನನ್ನ ಬ್ಯಾಗ ತಗಿ. ತಿಕೋಟಾದ ಬಸ್ಸಿಗಿ ತವರಿಗಿ ಹೋಗ್ತೀನಿ."

ಆಗ ಚಕ್ರ ನಿಂತಿತು. ಹಸಿರು ಅಂಗಿಯವನು ಈ ಕಡೆ ಹೊರಳಿದ. ಯಾರೋ ದಪ್ಪ ಮೀಸೆಯವನು.

"ಇವ ನೀವಲ್ಲಲ್ರಿ ಅಣ್ಣಾರ!" ಎಂದಳು ಗೌರಾಬಾಯಿ.

ಅಬ್ದುಲಸಮದ ಹಣೆ ಬಡಿದುಕೊಂಡ. ಕ್ಯಾಮೆರಾ ಗಂಡಸರನ್ನು ಬಿಟ್ಟು ಹೆಂಗಸರ ಕಡೆಗೆ ಹೋಯಿತು. ಅಲ್ಲಿ ಸಾಯಿರಾಳ ಪಕ್ಕದಲ್ಲೇ, ಬುರ್ಖಾದ ಮುಸುಕು ಮೇಲೆತ್ತಿಕೊಂಡು, ಮೈಮರೆತು ಎಲುಬು ಚೀಪುತ್ತ ಕೂತಿದ್ದವಳು ಸಕೀನಾ!

ಹೋದ ಜೀವ ಬಂದಂತಾಗಿ ಅಬ್ದುಲಸಮದ ಕೇಳಿದ. "ಅವತ್ತು ತಿಕೋಟಾದಾಗ ಅಣ್ಣನ ಮನ್ಯಾಗ ಇದ್ನಿ ಅಂದಿದ್ದಿಯಲ್ಲಾ?"

ಸಕೀನಾ ಒಮ್ಮೆ ಟ್ಯಾಬ್ ನೋಡಿದಳು, ಒಮ್ಮೆ ಗಂಡನನ್ನು ನೋಡಿದಳು. ಆಮೇಲೆ ಅವಳ ದನಿ ಮೊದಲಿಗಿಂತ ಎರಡು ಪಟ್ಟು ಏರಿತು.

"ಮತ್ತೇನ ಮಾಡ್ಲಿ? ನೀವು ಆಣಿ ಮುರೀತೀರಿ ಅಂತ ಗೊತ್ತಿತ್ತು. ನಿಮ್ಮನ್ನ ಹಿಡೀಬೇಕಂತ ಹೋಗಿದ್ನಿ! ಮಂದಿಗಿ ಸಂಶೆ ಬರಬಾರ್ದಂತ, ಮನಸಿಲ್ಲದ ಮನಸಿಲೆ ಉಂಡೇನಿ. ಹಗಲೆಲ್ಲಾ ಹುಡುಕೇನಿ. ಎಲ್ಲಿ ಅಡಗಿದ್ರಿ?"

"ಪಾಪ, ನಿಮ್ಮ ಸಲುವಾಗಿ ಎಷ್ಟು ತ್ರಾಸ ತಗೊಂಡಾಳ ನೋಡ್ರಿ!" ಎಂದು ಗೌರಾಬಾಯಿ ಲೊಚಗುಟ್ಟಿದಳು.

"ಬ್ಯಾಗ ತಂದಿ ಏನ ಶಬನಮ?" ಎಂದಳು ಸಕೀನಾ.

ಅಬ್ದುಲಸಮದ ಎರಡೂ ಕೈ ಜೋಡಿಸಿ, ಅವತ್ತು ಸಿಗದೆ ಹೋದದ್ದಕ್ಕೂ ತಪ್ಪಾಯಿತು ಎಂದ.