ಎರಡೆರಡು ಸಾಲಿನ ಚಳವಳಿ

ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಹತ್ತು ಜನ ಒಂದು ಮೂಲೆಯಲ್ಲಿ ನಿಂತು ಒಬ್ಬರ ಮಾತು ಕೇಳುತ್ತಿದ್ದರೆ, ಹನ್ನೊಂದನೆಯವರು ಏನು ಎತ್ತ ಎಂದು ವಿಚಾರಿಸದೆ ಮುಂದೆ ಹೋದದ್ದನ್ನು ನಾನು ಈವರೆಗೆ ನೋಡಿಲ್ಲ. ನನ್ನ ಕೆಲಸವೇ ಹತ್ತು ಜನರನ್ನು ಮೂಲೆಯಲ್ಲಿ ನಿಲ್ಲಿಸಿ ಮಾತಾಡುವುದು. ಹಾಗಾಗಿ ಪ್ರತಿ ಸಲವೂ ಏನಾದರೊಂದು ಆಗಿಯೇ ಆಗುತ್ತದೆ.

ನಾನು ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟು ನಿವೃತ್ತಳಾದವಳು. ತಿಂಗಳಿಗೆ ಎರಡು ಭಾನುವಾರ, ಬೆಳಿಗ್ಗೆ ಏಳಕ್ಕೆ, ಆಸಕ್ತರನ್ನು ರಾಜಾಜಿನಗರದಿಂದ ಕಾಮಾಕ್ಷಿಪಾಳ್ಯದ ಮೇಲೆ ಹೊಸಹಳ್ಳಿಯ ತನಕ ನಡೆಸಿಕೊಂಡು ಹೋಗಿ, ನಮ್ಮ ಕಡೆ ನಡೆದ ಹೋರಾಟಗಳ ಕಥೆ ಹೇಳುತ್ತೇನೆ. ಕಾರ್ಮಿಕರು ಮುಷ್ಕರ ಹೂಡಿದ ಕಾರ್ಖಾನೆಯ ಗೇಟು, ಭಾಷೆಯ ಚಳವಳಿಯಲ್ಲಿ ಬಸ್ಸು ತಡೆದ ವೃತ್ತ, ಬಡಾವಣೆಗೆ ಹೊಲ ಬಿಡುವುದಿಲ್ಲವೆಂದು ಹಳ್ಳಿಯವರು ಧರಣಿ ಕೂತ ಅರಳಿಕಟ್ಟೆ. ಈ ಮೂರು ಕಡೆ ನಿಲ್ಲುತ್ತೇವೆ. ಒಂದೊಂದು ಕಡೆ ಇಪ್ಪತ್ತು ನಿಮಿಷ, ಇಪ್ಪತ್ತೊಂದಲ್ಲ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ಸಿಸ್ಟರ್‌ಗಳು ಕಲಿಸಿದ್ದನ್ನು ಇಂದಿಗೂ ಬಿಟ್ಟಿಲ್ಲ. ನಡೆಯುವಾಗ ಎರಡೆರಡು ಸಾಲು. ಮಾತಾಡುವ ಮುಂಚೆ ಕೈ ಎತ್ತಬೇಕು. ಬೀದಿಯಲ್ಲಿ ಎಲ್ಲೆಂದರಲ್ಲಿ ಕೂರಬಾರದು. ಬರಹದ ಪುರಾವೆ ಇಲ್ಲದ್ದನ್ನು ಬಾಯಿಬಿಡಬಾರದು. ಈ ನಾಲ್ಕು ನಿಯಮ ಒಪ್ಪದವರಿಗೆ ಅಲ್ಲೇ ಮೆಟ್ರೋ ಸ್ಟೇಷನ್ನಿನ ದಾರಿ ತೋರಿಸುತ್ತೇನೆ.

ಕೊನೆಯ ಜಾಗವಾದ ಅರಳಿಕಟ್ಟೆಯ ಮೇಲೆ ಒಬ್ಬ ಹೂವಿನಮ್ಮ ಕೂರುತ್ತಾರೆ. ಅವರ ಅತ್ತೆಯ ಕಾಲದಿಂದಲೂ ವ್ಯಾಪಾರ ಅಲ್ಲೇ. ಹೋದ ವರ್ಷ ರಸ್ತೆ ಅಗಲ ಮಾಡುವವರು ಬಂದು ಕಟ್ಟೆಗೆ ಕೆಂಪು ಬಣ್ಣದ ಗೀಟು ಎಳೆದು ಹೋದರು. ಗೀಟು ಸರಿಯಾಗಿ ಅವರ ಹೂಬುಟ್ಟಿಯ ಕೆಳಗೇ ಹಾದಿತ್ತು. "ಅಂಗಡಿ ಹಿಡಿಯೋ ಶಕ್ತಿ ನಂಗಿಲ್ಲ ಮೇಡಂ. ಈ ಕಟ್ಟೆ ಹೋದ್ರೆ ನಾನು ಎಲ್ಲಿ ಕೂತ್ಕೊಳ್ಳಲಿ?" ಎಂದು ಕೇಳಿದರು. ನಾನು ಕಚೇರಿಗೆ ಅರ್ಜಿ ಬರೆದೆ. ಅಂಚು ಬಿಟ್ಟು, ವಿಷಯ, ಉಲ್ಲೇಖ ಎಲ್ಲ ನಮೂದಿಸಿ, ಮೂರು ಪ್ರತಿ. ಉತ್ತರ ಬರಲಿಲ್ಲ. ನೆನಪೋಲೆ ಬರೆದೆ. ಅದಕ್ಕೂ ಬರಲಿಲ್ಲ. ಹೂವಿನಮ್ಮ ಪ್ರತಿ ಸಲ ಏನಾಯಿತೆಂದು ಕೇಳುತ್ತಿದ್ದರು, ನಾನು "ಪರಿಶೀಲನೆಯಲ್ಲಿದೆ" ಎನ್ನುತ್ತಿದ್ದೆ. ಪುರಾವೆ ಇಲ್ಲದೆ ನಾನು ಆಡುತ್ತಿದ್ದ ಮಾತು ಅದೊಂದೇ.

ಸಾಲು

ಶುರುವಿನ ದಿನಗಳಲ್ಲೇ ಒಬ್ಬ ಕಾನ್‌ಸ್ಟೇಬಲ್ ನಮ್ಮನ್ನು ತಡೆದರು. ಮೆರವಣಿಗೆಗೆ ಅನುಮತಿ ಪತ್ರ ಎಲ್ಲಿ ಎಂದರು. ಇದು ಮೆರವಣಿಗೆಯಲ್ಲ, ಹಿಂದೆ ನಡೆದ ಮೆರವಣಿಗೆಗಳ ಬಗ್ಗೆ ತಿಳಿದುಕೊಳ್ಳುವ ನಡಿಗೆ ಎಂದು ವಿವರಿಸಿದೆ. ಅವರಿಗೆ ಸಮಾಧಾನವಾಗಲಿಲ್ಲ. ಕೂಗುತ್ತಿಲ್ಲ, ಬಾವುಟವಿಲ್ಲ, ಟ್ರಾಫಿಕ್ಕಿಗೆ ತೊಂದರೆಯಿಲ್ಲ, ಮತ್ತೆ ನಿಮಗೆ ಅನುಮಾನ ಬಂದದ್ದಾದರೂ ಯಾಕೆ ಎಂದು ಕೇಳಿದೆ.

ಅವರು ನನ್ನ ಹಿಂದೆ ನಿಂತಿದ್ದ ಹದಿನೈದು ಜನರನ್ನು ಒಮ್ಮೆ ನೋಡಿದರು. "ಮೇಡಂ, ನಮ್ಮೂರಲ್ಲಿ ಹೊಟ್ಟೆಪಾಡಿಗೆ ಹೋಗೋ ಜನ ಯಾವತ್ತಾದ್ರೂ ಎರಡೆರಡು ಸಾಲಲ್ಲಿ ಹೋಗೋದು ನೋಡಿದೀರಾ? ಏನೋ ಬೇಡಿಕೆ ಇದ್ರೆ ಮಾತ್ರ ಹಂಗೆ ಹೋಗೋದು. ಸಾಲು ಬಿಡಿಸಿ, ವಾಕಿಂಗ್ ಅಂತ ಬಿಟ್ಬಿಡ್ತೀನಿ."

ಅಂದು ನನ್ನ ಜೀವಮಾನದಲ್ಲೇ ಮೊದಲ ಬಾರಿಗೆ, ಪೊಲೀಸರ ಆಜ್ಞೆಯ ಮೇರೆಗೆ, ಹದಿನೈದು ಜನರಿಗೆ ಅಡ್ಡಾದಿಡ್ಡಿ ನಡೆಯುವುದನ್ನು ಹೇಳಿಕೊಟ್ಟೆ. ಮುಂದಿನ ತಿರುವಿನಲ್ಲಿ ಮತ್ತೆ ಸಾಲು ಮಾಡಿಸಿದೆ.

ಛತ್ರಿ

ಹಿಂದಿರುವವರಿಗೂ ಕಾಣಲಿ ಎಂದು ನಾನು ಮಡಿಸಿದ ಕರಿ ಛತ್ರಿಯನ್ನು ಮೇಲೆತ್ತಿ ಹಿಡಿದು ನಡೆಯುತ್ತೇನೆ. ಕಾಮಾಕ್ಷಿಪಾಳ್ಯದ ಒಂದು ಅಡ್ಡರಸ್ತೆಯಲ್ಲಿ ಹೀಗೆ ಹೋಗುತ್ತಿದ್ದಾಗ ಒಬ್ಬ ಗೃಹಿಣಿ ಓಡಿಬಂದು, ನಿಲ್ಲಿ ಎಂದು ಹೇಳಿ ಒಳಗೆ ಹೋದರು. ಬಂದದ್ದು ಆರತಿ ತಟ್ಟೆಯೊಂದಿಗೆ. ನಾನು ಬಾಯಿ ತೆರೆಯುವಷ್ಟರಲ್ಲಿ ಆರತಿ ಎತ್ತಿ ಹಣೆಗೆ ಕುಂಕುಮ ಇಟ್ಟಾಗಿತ್ತು. ಛತ್ರಿ ಗುರುತೋ ಎಂದು ಕೇಳಿದರು.

ನಾನು ಯಾವ ಚುನಾವಣೆಗೂ ನಿಂತಿಲ್ಲ, ಈ ಬೀದಿಯ ಚರಿತ್ರೆ ಹೇಳುತ್ತಿದ್ದೇನೆ ಎಂದೆ. ಚರಿತ್ರೆ ಗೊತ್ತಿದ್ದರೆ ಈ ಮೋರಿ ಎಷ್ಟು ವರ್ಷದಿಂದ ಕಟ್ಟಿಕೊಂಡಿದೆ ಹೇಳಿ ಎಂದು ಮಹಡಿಯಿಂದ ಅವರ ಯಜಮಾನರು ಕೇಳಿದರು. ನನ್ನಲ್ಲಿ ಆಧಾರವಿರಲಿಲ್ಲ. ಛತ್ರಿ ಎತ್ತಿ ಮುಂದೆ ನಡೆದೆ.

ಎರಡು ವಾರ ಬಿಟ್ಟು ಅದೇ ಬೀದಿಗೆ ಹೋದಾಗ ಆಕೆ ಮಹಡಿಯ ಕಡೆಗೆ ಮುಖ ಮಾಡಿ ಹೇಳಿದರು: "ನೋಡ್ರೀ, ಗೆಲ್ಲೋಕೆ ಮುಂಚೆನೇ ಎರಡು ಸಲ ಬಂದ್ರು. ಇನ್ಯಾರು ಬಂದಿದ್ದಾರೆ? ನಮ್ಮ ಮನೆ ನಾಲ್ಕು ವೋಟೂ ಛತ್ರಿಗೇ."

ಇಡ್ಲಿ

ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟು ಎದ್ದಿದೆ. ಉಳಿದಿರುವುದು ಹಳೆಯ ಗೇಟಿನ ಒಂದು ಕಲ್ಲುಕಂಬ. ಅದರ ಪಕ್ಕ ನಿಂತು ನಾನು ಕಾರ್ಮಿಕರ ಸರದಿ ಉಪವಾಸದ ಬಗ್ಗೆ ಹೇಳುವಾಗ ಸಾಮಾನ್ಯವಾಗಿ ಒಬ್ಬಿಬ್ಬರ ಕಣ್ಣು ಒದ್ದೆಯಾಗುತ್ತದೆ. ಒಂದು ಭಾನುವಾರ ಹಾಗೇ ಆಗಿತ್ತು. ಎದುರಿನ ಬೇಕರಿಯಲ್ಲಿ ಕಾಫಿ ಕುಡಿಯುತ್ತಿದ್ದ ವಯಸ್ಸಾದವರೊಬ್ಬರು ಲೋಟ ಹಿಡಿದುಕೊಂಡೇ ಬಂದು, ಕೈ ಎತ್ತದೆ, ಆ ಉಪವಾಸದಲ್ಲಿ ತಾವೂ ಕೂತಿದ್ದಾಗಿ ಹೇಳಿದರು. ಎಲ್ಲರೂ ಅವರಿಗೆ ಕೈ ಮುಗಿದರು. ನಾನೂ ಮುಗಿದೆ.

ಹಸಿವು ಹೇಗೆ ತಡೆದುಕೊಂಡಿರಿ ಎಂದು ಯಾರೋ ಕೇಳಿದರು. ತಡೆಯೋದೇನು ಬಂತು, ಹಿಂದಿನ ಗೇಟಿನಿಂದ ದಿನಾ ಇಡ್ಲಿ ಬರುತ್ತಿತ್ತು ಎಂದರು ಆತ. ಒದ್ದೆಯಾದ ಕಣ್ಣುಗಳು ಒಣಗಿದವು. ಕಳಿಸುತ್ತಿದ್ದವರು ಯಾರು, ಸಂಘದವರೋ ಎಂದು ನಾನು ಗಟ್ಟಿಯಾಗಿಯೇ ಕೇಳಿದೆ.

"ಅಲ್ಲಮ್ಮ, ಮ್ಯಾನೇಜರ್ ಸಾಹೇಬ್ರ ಮನೆಯವರು. ಮದುವೆಯಾದಾಗಿಂದ ಸಾಹೇಬ್ರು ಬೆಳಕಿರುವಾಗ ಮನೆಗೆ ಬಂದಿದ್ದು ಆ ಮುಷ್ಕರದಲ್ಲೇ ಅಂತೆ. ಇನ್ನೊಂದು ತಿಂಗಳು ಎಳೀರಪ್ಪ ಅಂತ ಚಟ್ನಿ ಜೊತೆ ಹೇಳಿ ಕಳಿಸೋರು."

ಬೀಗರು

ಬಸ್ಸು ತಡೆದ ವೃತ್ತದ ಕಥೆಯನ್ನು ಈಗ ನಾನು ತುಸು ಎಚ್ಚರದಿಂದ ಹೇಳುತ್ತೇನೆ. ಕಾರಣವಿದೆ. ಒಮ್ಮೆ ಇಬ್ಬರು ಹಿರಿಯರು ಒಂದೇ ಆಟೋದಲ್ಲಿ ಬಂದಿದ್ದರು, ಬೀಗರು. ಒಬ್ಬರು ನಿವೃತ್ತ ಬಸ್ ಡ್ರೈವರ್, ಇನ್ನೊಬ್ಬರು ಬ್ಯಾಂಕಿನಲ್ಲಿದ್ದವರು. ವೃತ್ತದಲ್ಲಿ ನಾನು ಕಲ್ಲು ತೂರಾಟದ ವಿಷಯಕ್ಕೆ ಬಂದಾಗ ಡ್ರೈವರ್ ಸಾಹೇಬರು ಕೈ ಎತ್ತಿ, ಒಡೆದದ್ದು ತಮ್ಮ ಬಸ್ಸಿನ ಗಾಜೇ ಎಂದರು. ತೋಳಿನ ಮೇಲಿನ ಗಾಯದ ಗುರುತನ್ನೂ ತೋರಿಸಿದರು. ಕಲ್ಲು ಹೊಡೆದವನು ಪೈಜಾಮ ಹಾಕಿದ್ದ ತೆಳ್ಳನೆಯ ಹುಡುಗ, ಇವತ್ತು ಸಿಕ್ಕರೂ ಬಿಡುವುದಿಲ್ಲ ಎಂದೂ ಸೇರಿಸಿದರು.

ನಡಿಗೆ ಮುಗಿದ ಮೇಲೆ ಬ್ಯಾಂಕಿನವರು ನನ್ನನ್ನು ಪಕ್ಕಕ್ಕೆ ಕರೆದರು. ಈಗ ಅವರು ತೆಳ್ಳಗಿಲ್ಲ.

"ಮೇಡಂ, ಆಗ ನಾನು ಕಾಲೇಜು. ಗುರಿಯಿಟ್ಟಿದ್ದು ಬಸ್ಸಿನ ಬೋರ್ಡಿಗೆ, ಬಿದ್ದಿದ್ದು ಗಾಜಿಗೆ. ಈಗ ನನ್ನ ಮಗಳು ಅವರ ಮನೆ ಸೊಸೆ. ದಯವಿಟ್ಟು ನಿಮ್ಮ ಚರಿತ್ರೆಯಲ್ಲಿ ಪೈಜಾಮ ಬಿಟ್ಟುಬಿಡಿ."

ಪೀಠಿಕೆ

ಇನ್ನು ಹೂವಿನಮ್ಮನ ಕಟ್ಟೆಯ ಕಥೆ. ಒಂದು ಭಾನುವಾರ ಅರಳಿಕಟ್ಟೆಯ ಹತ್ತಿರ ಬಂದಾಗ ಅಲ್ಲಿ ಜೆಸಿಬಿ ನಿಂತಿತ್ತು. ಒಡೆಯುವ ಕೆಲಸಕ್ಕೆ ಭಾನುವಾರವೇ ಬರುವುದು ಅವರ ಪದ್ಧತಿ. ಕಚೇರಿ, ಕೋರ್ಟು ಎರಡೂ ಮುಚ್ಚಿರುತ್ತವೆ, ಯಾರೂ ಎಲ್ಲಿಗೂ ಓಡುವಂತಿಲ್ಲ. ಹೂವಿನಮ್ಮ ಕಟ್ಟೆಯ ಮೇಲೆ ಎಂದಿನಂತೆ ಮಲ್ಲಿಗೆ ಕಟ್ಟುತ್ತಿದ್ದರು. ಅಳುತ್ತಿರಲಿಲ್ಲ. ನನ್ನ ಮುಖ ನೋಡಿ, "ಪರಿಶೀಲನೆ ಮುಗೀತು ಅಂತ ಕಾಣುತ್ತೆ ಮೇಡಂ," ಎಂದರು.

ಮೇಸ್ತ್ರಿ ಸಭ್ಯ ಮನುಷ್ಯ. ನಿಮ್ಮದೇನು ಎಂದು ಕೇಳಿದ. ಚರಿತ್ರೆಯ ಪಾಠ, ಇಪ್ಪತ್ತು ನಿಮಿಷ ಎಂದೆ. ನೀವು ಮುಗಿಸಿದ ಮೇಲೆಯೇ ಕೈ ಹಾಕುತ್ತೇವೆ ಎಂದು ಮಾತು ಕೊಟ್ಟ. ಕೊಟ್ಟ ಮಾತನ್ನು ಜನ ಉಳಿಸಿಕೊಳ್ಳುತ್ತಾರೆಂದೇ ನಾನು ನಂಬುವವಳು. ಮುಗಿಸುವುದು ಮಾತ್ರ ನನ್ನ ಕೈಯಲ್ಲಿತ್ತು.

ಕಥೆಯನ್ನು ಅರಳಿಮರ ಸಸಿಯಾಗಿದ್ದಾಗಿನಿಂದ ಎತ್ತಿಕೊಂಡೆ. ಇಪ್ಪತ್ತು ನಿಮಿಷ ಆದಾಗ ಹಳ್ಳಿಯವರು ಇನ್ನೂ ಕೆರೆ ತೋಡುತ್ತಿದ್ದರು. ಒಂದು ಗಂಟೆಯ ಹೊತ್ತಿಗೆ ರಾಗಿ ಕೊಯ್ಲಿಗೆ ಬಂದಿತ್ತು. ಪುರಾವೆ ಇಲ್ಲದ್ದನ್ನು ಹೇಳಲಿಲ್ಲ. ಪುರಾವೆಗಳನ್ನೇ ಓದಿದೆ. ಯಾವ ಹೊಲ, ಯಾವ ಸರ್ವೆ ನಂಬರು, ಚಕ್ಕುಬಂದಿ, ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾರ ಬಾವಿ. ಮೇಸ್ತ್ರಿ ಏನೋ ಹೇಳಲು ಬಂದ. ಪ್ರಶ್ನೆಯಿದ್ದರೆ ಕೈ ಎತ್ತಬೇಕು ಎಂದೆ. ಪಾಪ, ಎತ್ತಿದ. ಅವನಿಗಿಂತ ಮೊದಲು ಎತ್ತಿದ್ದವರು ನಾಲ್ವರಿದ್ದರು.

ನಿಂತು ಕಾಲು ಸೋತವರು ಒಬ್ಬೊಬ್ಬರಾಗಿ ಕಟ್ಟೆಯ ಮೇಲೆ ಕೂತರು. ನಾನು ಬೇಡವೆನ್ನಲಿಲ್ಲ. ಹೂವಿನಮ್ಮ ಬುಟ್ಟಿ ಸರಿಸಿ ಪಕ್ಕದಲ್ಲಿ ಜಾಗ ಮಾಡಿದರು. ನಾನೂ ಸೆರಗು ಸರಿಮಾಡಿಕೊಂಡು ಕೂತೆ. ಬೀದಿಯಲ್ಲಿ ಕೂತದ್ದು ಅದೇ ಮೊದಲು. ಸಿಸ್ಟರ್‌ಗಳು ಕ್ಷಮಿಸಲಿ.

ಮೇಸ್ತ್ರಿ ಫೋನು ಮಾಡಿ ಪೊಲೀಸರನ್ನು ಕರೆಸಿದ. ಬಂದದ್ದು ಅದೇ ಹಳೆಯ ಕಾನ್‌ಸ್ಟೇಬಲ್.

"ಮೇಡಂ, ಸಾಲಲ್ಲಿ ಹೋದ್ರೆ ಮೆರವಣಿಗೆ ಅಂತ ಹೇಳಿದ್ದೆ. ಕೂತ್ರೆ ಧರಣಿ ಅಂತ ಹೇಳೋದು ಮರ್ತಿದ್ದೆ."

"ಇದು ಧರಣಿಯಲ್ಲ, ಪಾಠ. ಇನ್ನೂ ಪೀಠಿಕೆಯಲ್ಲಿದ್ದೇನೆ."

ಜೆಸಿಬಿಯ ಚಾಲಕ ಆಗಲೇ ಎಂಜಿನ್ ಆರಿಸಿ ಕೆಳಗಿಳಿದು ಚಕ್ರಕ್ಕೆ ಒರಗಿ ಕೂತಿದ್ದ. "ಸುಮ್ನಿರಿ ಸಾರ್," ಎಂದ, "ಹೊಲ ಬಿಟ್ರಾ ಇಲ್ವಾ ಅಂತ ಈಗ ಹೇಳ್ತಾರೆ."

ಮಧ್ಯಾಹ್ನದ ತನಕವೂ ನಾನು ಹೇಳಲಿಲ್ಲ. ಅಷ್ಟರಲ್ಲಿ ಅರ್ಧ ಹೊಸಹಳ್ಳಿಯೇ ಸೇರಿ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿತ್ತು. ಸ್ಥಳೀಯ ಮುಖಂಡರೊಬ್ಬರು ಧಾವಿಸಿ ಬಂದು, ಕಟ್ಟೆಯ ಮೇಲೆ ಒಂದು ಕೈಯಿಟ್ಟು, ಇದನ್ನು ಉಳಿಸಿದವನು ತಾನೇ ಎಂದು ಘೋಷಿಸಿದರು. ಘೋಷಿಸಿದ ಮೇಲೆ ಪಾಪ ಉಳಿಸಲೇಬೇಕಾಯಿತು. ಮುಂದಿನ ವಾರ ಅಳತೆಯವರು ಬಂದು ಕೆಂಪು ಗೀಟನ್ನು ಕಟ್ಟೆಯಿಂದಾಚೆ ಹಾಯಿಸಿ ಎಳೆದರು. ಮಾರನೆಯ ದಿನ ಕಚೇರಿಯಿಂದ ನನ್ನ ಅರ್ಜಿಗೆ ಉತ್ತರ ಬಂತು: ಪರಿಶೀಲನೆಯಲ್ಲಿದೆ.

ಇದಾಗಿ ಕೆಲವು ತಿಂಗಳಿಗೆ, ನಡಿಗೆಯಿಲ್ಲದ ಒಂದು ಭಾನುವಾರ ಹೂವಿಗೆಂದು ಛತ್ರಿ ಹಿಡಿದು ಕಟ್ಟೆಗೆ ಹೋದೆ. ಯಾರೋ ಯುವಕ ಇಪ್ಪತ್ತು ಜನರನ್ನು ನಿಲ್ಲಿಸಿಕೊಂಡು ಕಥೆ ಹೇಳುತ್ತಿದ್ದ. ನಮ್ಮದರಂತೆಯೇ ಇನ್ನೊಂದು ನಡಿಗೆ. ಇದೇ ಜಾಗದಲ್ಲಿ ವಯಸ್ಸಾದ ಆಂಟಿಯೊಬ್ಬರು ಮೂರು ದಿನ ಅನ್ನ ನೀರು ಬಿಟ್ಟು, ಜೆಸಿಬಿಯ ಮುಂದೆ ಅಡ್ಡ ಮಲಗಿ ಕಟ್ಟೆ ಉಳಿಸಿದರು ಎಂದು ಅವನು ಹೇಳುವುದು ಕಿವಿಗೆ ಬಿತ್ತು.

ತಡೆಯಲಾಗಲಿಲ್ಲ. ಕೈ ಎತ್ತಿದೆ. ಮೂರು ದಿನವಲ್ಲ, ಒಂದು ಬೆಳಿಗ್ಗೆ. ಮಲಗಲಿಲ್ಲ, ಕೂತಿದ್ದರು. ಹನ್ನೊಂದಕ್ಕೆ ಕಾಫಿಯೂ ಕುಡಿದರು. ನಿಮ್ಮ ಮಾತಿಗೆ ಬರಹದ ಪುರಾವೆ ಎಲ್ಲಿದೆ ಎಂದು ಕೇಳಿದೆ. ಯುವಕ ತಬ್ಬಿಬ್ಬಾಗಿ ಹೂವಿನಮ್ಮನ ಕಡೆ ತಿರುಗಿ, "ಅಮ್ಮ, ನೀವೇ ಇದ್ರಲ್ಲ, ಹೇಳಿ," ಎಂದ.

ಹೂವಿನಮ್ಮ ನನ್ನ ಮುಖ ನೋಡಿದರು. ಮಲ್ಲಿಗೆಯ ದಾರಕ್ಕೆ ಸಾವಕಾಶವಾಗಿ ಒಂದು ಗಂಟು ಹಾಕಿದರು.

"ಮೂರು ದಿನ ಅಂದ್ರೆ ಮೂರು ದಿನ ಕಣಪ್ಪ, ನಾನೇ ಕಣ್ಣಾರೆ ನೋಡಿದೀನಿ. ಅಲ್ಲೇ, ಜೆಸಿಬಿ ಚಕ್ರದ ಮುಂದೆ ಮಲಗಿದ್ರು. ತಲೆದಿಂಬಿಗೆ ಈ ಕರಿ ಛತ್ರೀನೇ ಇಟ್ಕೊಂಡಿದ್ರು. ಬೇಕಾದ್ರೆ ನೋಡು, ಇನ್ನೂ ಬಗ್ಗಿಕೊಂಡೇ ಇದೆ."