ಸಂಜೆ ಆರರ ಗಡುವು

ಮಾರ್ಚ್ ಹನ್ನೆರಡು, ಗುರುವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಪಿಪೆಟ್ ಸರ್ ಹೊಟ್ಟೆಯೊಳಗೆ ಏನೋ ಒಮ್ಮೆ ಗುಡುಗುಟ್ಟಿತು. ಅವರು ಬೆಚ್ಚಿ ಎದ್ದರು.

ಬೇರೆ ದಿನವಾಗಿದ್ದರೆ ಆ ಸದ್ದಿಗೆ ಅವರು ಮಗ್ಗುಲು ಕೂಡ ಬದಲಿಸುತ್ತಿರಲಿಲ್ಲ. ಆದರೆ ಅವರಿಗೆ ಮೂಲವ್ಯಾಧಿಯ ಆಪರೇಶನ್ ಆಗಿ ಆ ಹೊತ್ತಿಗೆ ಎಪ್ಪತ್ತು ಗಂಟೆ ಕಳೆದಿತ್ತು. ಆ ಎಪ್ಪತ್ತು ಗಂಟೆಗಳಲ್ಲಿ ಆಗಬೇಕಾದ್ದು ಒಮ್ಮೆಯೂ ಆಗಿರಲಿಲ್ಲ.

ಪಿಪೆಟ್ ಎನ್ನುವುದು ಅವರ ಹೆಸರಲ್ಲ. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಡೆಮಾನ್‌ಸ್ಟ್ರೇಟರ್ ಆಗಿ, ಆಸಿಡ್ಡನ್ನು ಪಿಪೆಟ್ ಎಂಬ ಗಾಜಿನ ಕೊಳವೆಯಲ್ಲಿ ಹನಿ ಲೆಕ್ಕದಲ್ಲಿ ಅಳೆಯುತ್ತ, ತಾನೇ ಓದದ ಅಂಕಿಗೆ ಸಹಿ ಹಾಕದೆ ಬದುಕಿದ ಮನುಷ್ಯನಿಗೆ ವಿದ್ಯಾರ್ಥಿಗಳು ಕೊಟ್ಟ ಬಿರುದು.

ಅವರ ಭಯಕ್ಕೆ ಕಾರಣವಿತ್ತು. ಕೈ ಮುರಿದರೆ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂರಬಹುದು, ಕಣ್ಣಿಗೆ ಆಪರೇಶನ್ ಆದರೆ ಕಣ್ಣು ಮುಚ್ಚಬಹುದು. ಇಲ್ಲಿ ಗಾಯ ಇರುವುದೇ ದಾರಿಯಲ್ಲಿ. ಒಳಗೆ ಏನೂ ಹೋಗದಿದ್ದರೆ ಹೊರಗೆ ಏನೂ ಬರಬೇಕಾಗಿಲ್ಲವೆಂದು ದ್ರವ್ಯ ಸಂರಕ್ಷಣೆಯ ನಿಯಮವನ್ನು ನೆಚ್ಚಿಕೊಂಡು ಎರಡು ದಿನ ಬರೀ ಸಕ್ಕರೆ ನೀರಲ್ಲಿ ಕಳೆದಿದ್ದರು. ಹಿಂದಿನ ದಿನ ಡಾಕ್ಟರು ಫೋನಿನಲ್ಲೇ ಗದರಿದ್ದರು.

"ತಿನ್ನದಿದ್ರೂ ಬರುತ್ತೆ ಸರ್. ತಡ ಆದಷ್ಟೂ ಗಟ್ಟಿಯಾಗುತ್ತೆ. ನೀರು ಚೆನ್ನಾಗಿ ಕುಡೀರಿ, ನಾರಿನ ಪುಡಿ ತಗೊಳ್ಳಿ, ಟಬ್ಬಲ್ಲಿ ಬೆಚ್ಚಗಿನ ನೀರು ಹಾಕಿ ದಿನಕ್ಕೆ ಮೂರು ಸಲ ಕೂತ್ಕೊಳ್ಳಿ. ನಾಳೆ ಸಂಜೆ ಆರರೊಳಗೆ ಆಗದಿದ್ರೆ ಎನಿಮಾ ಕೊಡೋಕೆ ಮನೆಗೇ ಜನ ಕಳಿಸ್ತೀನಿ."

ಕೆಳಗಿನಿಂದ ಒಳಕ್ಕೆ ನೀರು ಬಿಡುವ ಎನಿಮಾ ಎಂದರೆ ಅಗೆದು ಹಾಕಿದ ಒಂಟಿ ದಾರಿಯಲ್ಲಿ ಎದುರುಗಡೆಯಿಂದಲೂ ಲಾರಿ ಬಂದಂತೆ. ಪಿಪೆಟ್ ಸರ್ ಅಂದು ರಾತ್ರಿಯೇ ನಾರಿನ ಪುಡಿಯನ್ನು ತೂಕ ಮಾಡಿ ಕುಡಿದಿದ್ದರು.

ಹೆಂಡತಿ ಕೆಲಸಕ್ಕೆ ಹೊರಡುವಾಗ ತನ್ನ ತಾಯಿಯನ್ನು ಕಾವಲಿಗೆ ಬಿಟ್ಟಳು. "ಅಮ್ಮ, ಇವರು ಲ್ಯಾಬ್ ನೋಡ್ಕೊಂಡು ಬರ್ತೀನಿ ಅಂತ ಹೊರಟ್ರೆ ಬಿಡ್ಬೇಡ. ಡಾಕ್ಟ್ರು ರೆಸ್ಟ್ ಅಂದಿದಾರೆ."

"ನಾನಿದೀನಲ್ಲ, ನೀನು ಹೋಗು" ಎಂದು ಅತ್ತೆ ಬಾಗಿಲಿನ ಮೇಲಿನ ಚಿಲಕ ಹಾಕಿ, ಅದರೆದುರಿಗೇ ಕುರ್ಚಿ ಎಳೆದುಕೊಂಡು ಕೂತರು.

ಅಳಿಯನನ್ನು ಹೊರಗೆ ಬಿಡದಿದ್ದರೂ ಊರನ್ನೆಲ್ಲ ಒಳಗೆ ಬಿಡಲು ಅವರಿಗೆ ಅಡ್ಡಿಯಿರಲಿಲ್ಲ. ಹತ್ತು ಗಂಟೆಗೆ ಮೇಲಿನ ಮನೆಯ ನಿವೃತ್ತ ಬಸ್ ಕಂಡಕ್ಟರ್ ಬಂದರು. ಎಂಟು ವರ್ಷದ ಹಿಂದೆ ಅವರಿಗೂ ಇದೇ ಆಪರೇಶನ್ ಆಗಿತ್ತು.

"ಹೆದರ್ಕೋಬೇಡಿ ಸರ್," ಎಂದರು ಕಂಡಕ್ಟರ್. "ನಂಗೆ ನಾಲ್ಕನೇ ದಿನ ಆಯ್ತು. ಏನಿಲ್ಲ, ಗಾಜಿನ ಚೂರು ನುಂಗಿದ ಹಾಗೆ, ಅಷ್ಟೆ. ಆಮೇಲೆ ಗೋಡೆಗೆ ಸುಣ್ಣ ಹೊಡೆಸಬೇಕಾಯ್ತು."

"ಗೋಡೆಗ್ಯಾಕೆ?"

"ಉಗುರಲ್ಲಿ ಕೆರೆದುಬಿಟ್ಟಿದ್ದೆ. ಕಿರುಚಿದ್ದು ಡಿಪೋ ತನಕ ಕೇಳಿಸ್ತಂತೆ. ಆದ್ರೆ ನಮ್ಮದು ಹಳೇ ಕಾಲದ ಆಪರೇಶನ್. ನಿಮ್ಮದು ಹೇಗೋ ಏನೋ."

ಪಿಪೆಟ್ ಸರ್ ಬಚ್ಚಲಿನ ಗೋಡೆಯ ಕಡೆ ನೋಡಿದರು. ಅಲ್ಲಿ ಟೈಲ್ಸ್ ಇತ್ತು. ಕೆರೆಯಲೂ ಅನುಕೂಲವಿರಲಿಲ್ಲ.

ಕಂಡಕ್ಟರ್ ಎದ್ದು ಹೋಗುವ ಮೊದಲೇ ಎದುರು ಮನೆಯ ಟೈಲರಮ್ಮ, ಕೊರಳಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡೇ ಬಂದರು. ಅವರ ಆಸಕ್ತಿ ಬೇರೆ ಬಗೆಯದು.

"ಎಷ್ಟು ಹೊಲಿಗೆ ಹಾಕಿದಾರೆ ಸರ್?"

"ಆರು."

"ಕೈ ಹೊಲಿಗೆನೋ?"

"ಮಿಷನ್ ತರೋಕಾಗುತ್ತೇನಮ್ಮ?" ಎಂದರು ಕಂಡಕ್ಟರ್.

"ಅದಕ್ಕೇ ಕೇಳಿದ್ದು. ಕೈ ಹೊಲಿಗೆ ಗಟ್ಟಿ. ಜಗ್ಗಿದ್ರೆ ಬಟ್ಟೆ ಹರಿಯುತ್ತೆ ಹೊರತು ಹೊಲಿಗೆ ಬಿಡಲ್ಲ." ಟೈಲರಮ್ಮ ಧೈರ್ಯ ಹೇಳಿದರು.

ಈ ಲೆಕ್ಕದಲ್ಲಿ ಬಟ್ಟೆಯೆಂದರೆ ತಾನೇ ಎನ್ನುವುದು ಹೊಳೆದು ಪಿಪೆಟ್ ಸರ್ ಕೂತಲ್ಲೇ ಒಂದು ಮಗ್ಗುಲಿಗೆ ವಾಲಿದರು. ಹನ್ನೊಂದು ಹತ್ತಕ್ಕೆ ಹೋಗಿ ಕೂತರು, ಏನೂ ಆಗಲಿಲ್ಲ. ಒಂದೂಕಾಲಿಗೆ ಮತ್ತೆ ಕೂತರು. ಬಾಗಿಲಾಚೆ ಮೂವರೂ ಪಿಸುಗುಡುತ್ತಿರುವುದು ಕೇಳುತ್ತಿತ್ತು.

"ತಿಣುಕಬೇಡಿ ಸರ್," ಕಂಡಕ್ಟರ್ ಕೂಗಿದರು. "ತಾನಾಗೇ ಬರ್ಲಿ. ಬಸ್ಸು ಬರೋ ಮುಂಚೆ ರಸ್ತೆಗಿಳಿದ್ರೆ ಬೇಗ ಬರುತ್ತಾ?"

ಇಷ್ಟು ಜನ ಕಾಯುತ್ತಿರುವ ನಿಲ್ದಾಣಕ್ಕೆ ಯಾವ ಬಸ್ಸಿಗೂ ಬರುವ ಮನಸ್ಸಾಗಲಿಲ್ಲ.

ನಾಲ್ಕು ಗಂಟೆಗೆ ಉಳಿದದ್ದು ಎರಡೇ ಗಂಟೆ. ನಡೆದರೆ ಕರುಳು ಕದಲುತ್ತದೆಂದು ಎಲ್ಲೋ ಓದಿದ್ದು ನೆನಪಾಗಿ ಬೀದಿ ಕೊನೆಯವರೆಗಾದರೂ ಹೋಗಿಬರಲು ಚಪ್ಪಲಿ ಮೆಟ್ಟಿದರು.

"ಅಳಿಯಂದ್ರೇ, ಎಲ್ಲಿಗೆ?" ಅತ್ತೆ ಕುರ್ಚಿಯಿಂದ ಏಳಲಿಲ್ಲ.

"ಐದೇ ನಿಮಿಷ ಅತ್ತೆ. ಕೈ ಮುಗೀತೀನಿ."

"ಕಾಲು ಹಿಡಿದ್ರೂ ಬಿಡಲ್ಲ. ನಾಳೆ ನನ್ನ ಮಗಳಿಗೆ ಯಾರು ಉತ್ತರ ಹೇಳ್ಬೇಕು?"

ಅವರು ಹಾಲಿನಲ್ಲೇ ನಡೆದರು. ಮೇಜಿನಿಂದ ಗೋಡೆಗೆ, ಗೋಡೆಯಿಂದ ಮೇಜಿಗೆ, ಇನ್ನೂರ ಎಪ್ಪತ್ತು ಸಲ. ಆಮೇಲೆ ಟಬ್ಬಿನಲ್ಲಿ ಲ್ಯಾಬಿನ ಥರ್ಮಾಮೀಟರ್ ಅದ್ದಿ, ನಲವತ್ತು ಡಿಗ್ರಿ ನೀರಲ್ಲಿ ಹದಿನೈದು ನಿಮಿಷ ಕೂತರು. ನಾಲ್ಕು ಐವತ್ತಕ್ಕೆ ಹೊಟ್ಟೆ ಮತ್ತೆ ಗುಡುಗಿತು. ಈ ಸಲ ಅದು ಬರೀ ಬೆದರಿಕೆಯಾಗಿರಲಿಲ್ಲ.

ಕಾಲ ಕೆಳಗೆ ಮಣೆ ಇಟ್ಟುಕೊಂಡು ಕೂತರು. ಬಾಯಲ್ಲಿ ಟವೆಲ್ ಕಚ್ಚಿಕೊಂಡರು. ಗಾಜಿನ ಚೂರು, ಹರಿಯುವ ಬಟ್ಟೆ, ಡಿಪೋ ತನಕ ಕೇಳುವ ಕಿರುಚಾಟ ಎಲ್ಲ ಒಟ್ಟಿಗೆ ಎದುರು ನಿಂತವು. ಅದೇ ಗಳಿಗೆಗೆ ಹಾಲಿನಲ್ಲಿ ಫೋನು ಬಡಿದುಕೊಂಡಿತು. ಅತ್ತೆ ಯಾರೊಂದಿಗೋ ಗತ್ತಿನಿಂದ ಮಾತಾಡುತ್ತಿದ್ದರು. ಪಿಪೆಟ್ ಸರ್ ಕಣ್ಣು ಮುಚ್ಚಿದರು.

ಮತ್ತೆ ಕಣ್ಣು ತೆರೆದಾಗ ಆಗಿಹೋಗಿತ್ತು.

ನೋವಾಗಿತ್ತು, ನಿಜ. ಆದರೆ ಕಂಡಕ್ಟರ್ ಹೇಳಿದ್ದರಲ್ಲಿ ಹತ್ತನೇ ಒಂದು ಪಾಲೂ ಇರಲಿಲ್ಲ. ಡಾಕ್ಟರು ಹೇಳಿಕೊಟ್ಟಂತೆ ಉಗುರು ಬೆಚ್ಚಗಿನ ನೀರಲ್ಲಿ ತೊಳೆದು, ಉಜ್ಜದೆ, ಮೆತ್ತಗಿನ ಬಟ್ಟೆಯಿಂದ ಒತ್ತಿ ಒರೆಸಿಕೊಂಡು, ಮೂರು ಸಲ ಫ್ಲಶ್ ಮಾಡಿ ಹೊರಬಂದರು. ಹೊಸ ಮನೆ ಕಟ್ಟಿಸಿದವರ ಮುಖದಲ್ಲೂ ಅಂಥ ಕಳೆ ಇರುವುದಿಲ್ಲ.

"ಆಯ್ತು ಅತ್ತೆ."

"ಒಳ್ಳೇದಾಯ್ತು ಬಿಡಿ" ಎಂದರು ಅತ್ತೆ.

ಐದು ಐವತ್ತಕ್ಕೆ ಬಾಗಿಲು ತಟ್ಟಿದ್ದು ಆಸ್ಪತ್ರೆಯ ಕಾಂಪೌಂಡರ್. ಕೈಯಲ್ಲಿ ಕೆಂಪು ರಬ್ಬರಿನ ಕೊಳವೆ ಇಣುಕುವ ಚೀಲ. ಹಿಂದೆ ಕಂಡಕ್ಟರ್.

"ಬೇಡಪ್ಪ, ಆಯ್ತು," ಎಂದು ಪಿಪೆಟ್ ಸರ್ ನಕ್ಕರು. "ಐದು ಗಂಟೆಗೇ ಆಯ್ತು."

"ಈ ಚೀಲ ನೋಡಿದ ಕೂಡ್ಲೇ ಎಲ್ರಿಗೂ ಐದು ಗಂಟೆಗೇ ಆಗಿರುತ್ತೆ ಸರ್." ಕಾಂಪೌಂಡರ್ ಜೇಬಿನಿಂದ ಚೀಟಿ ತೆಗೆದು ಓದಿದ. "ನಾಲ್ಕು ಐವತ್ತೈದು. ಹೊರಗೆ ಹೋದ್ರಾ ಅಂತ ನರ್ಸ್ ಫೋನಲ್ಲಿ ವಿಚಾರಿಸಿದ್ದಾರೆ. ಮೂರು ದಿನದಿಂದ ಒಂದು ಸಲವೂ ಹೊರಗೆ ಹೋಗಿಲ್ಲ. ಹೋಗ್ತೀನಿ ಅಂತ ಕೈ ಮುಗಿದರೂ ಮನೆಯವರು ಬಿಟ್ಟಿಲ್ಲ. ಚಿಲಕ ಹಾಕಿದ್ದಾರೆ. ತುರ್ತು."

ಪಿಪೆಟ್ ಸರ್ ನಿಧಾನವಾಗಿ ಅತ್ತೆಯ ಕಡೆ ತಿರುಗಿದರು.

"ರೆಸ್ಟ್ ತಗೊಂಡ್ರಾ ಅಂತ ತಾನೆ ಆ ನರ್ಸ್ ಕೇಳಿದ್ದು?" ಎಂದರು ಅತ್ತೆ. "ನಮ್ಮನೇಲಿ ಅದನ್ನ ಎರಡಕ್ಕೆ ಹೋಗೋದು ಅಂತೀವಪ್ಪ. ಹೊರಗೆ ಅಂದ್ರೆ ನಾನು ಬೀದಿ ಅಂದ್ಕೊಂಡೆ."

"ಕೇಳಿದ್ರಲ್ಲ," ಪಿಪೆಟ್ ಸರ್ ಕಾಂಪೌಂಡರನ ಕೈ ಹಿಡಿದರು. "ಡಾಕ್ಟ್ರಿಗೆ ಒಂದು ಫೋನ್ ಮಾಡಿ."

"ಅವರು ಆಪರೇಶನ್ ಥಿಯೇಟರಲ್ಲಿದಾರೆ ಸರ್. ಆಯ್ತು, ನಂಬ್ತೀನಿ. ಆದ್ರೆ ಪೂರ್ತಿ ಆಯ್ತಾ?"

"ಅಂದ್ರೆ?"

"ಒಳಗೆ ಉಳ್ಕೊಂಡು ಗಟ್ಟಿಯಾದ್ರೆ ಮತ್ತೆ ಟೇಬಲ್ ಮೇಲೆ ಮಲಗಿಸ್ತಾರೆ. ಹೋದ ವಾರ ಒಬ್ಬರಿಗೆ ಹಾಗೇ ಆಯ್ತು. ನೀವು 'ಪೂರ್ತಿ ಆಗಿದೆ, ಏನೂ ಉಳಿದಿಲ್ಲ' ಅಂತ ಬರೆದು ಸಹಿ ಹಾಕಿ, ನಾನು ಹೊರಡ್ತೀನಿ."

ಪಿಪೆಟ್ ಸರ್ ಪೆನ್ನು ತೆಗೆದುಕೊಂಡರು. ಪೂರ್ತಿ ಎಂದು ಬರೆದರು. ಅಲ್ಲಿಗೆ ಪೆನ್ನು ನಿಂತಿತು. ಎಷ್ಟಿತ್ತು, ಎಷ್ಟು ಹೋಯಿತು, ಎಷ್ಟು ಉಳಿಯಿತು? ಯಾವುದಕ್ಕೂ ಅಂಕಿಯಿರಲಿಲ್ಲ. ಮೇಲೆ ದೀಪವಿರುವ ಆ ಟೇಬಲ್ ಕಣ್ಣ ಮುಂದೆ ಬಂತು. ಪೆನ್ನನ್ನು ಕಾಂಪೌಂಡರನ ಕೈಗೆ ವಾಪಸು ಕೊಟ್ಟರು.

"ಒಂದು ಸಲ ಆಗಿದೆ ಅಂದ್ರೆ ಇನ್ನೊಂದು ಸಲಕ್ಕೆ ಯಾಕೆ ಹೆದರ್ತೀರಿ ಅಳಿಯಂದ್ರೇ?" ಎಂದು ಅತ್ತೆ ಸಮಾಧಾನ ಹೇಳಿದರು. ಕಂಡಕ್ಟರ್ ಮಂಚದ ಮೇಲಿನ ದಿಂಬು ಸರಿಪಡಿಸಿದರು.

ಪಿಪೆಟ್ ಸರ್ ಎಡಮಗ್ಗುಲಾಗಿ ಮಲಗಿದರು. ಕಾಂಪೌಂಡರ್ ಎನಿಮಾ ಚೀಲಕ್ಕೆ ನೀರು ತುಂಬಿ ಕಿಟಕಿಯ ಕೊಂಡಿಗೆ ನೇತುಹಾಕಿದ. ಅದರ ಮೇಲೆ ಅಳತೆಯ ಗೆರೆಗಳಿದ್ದವು. ಪಿಪೆಟ್ ಸರ್ ತಾವೇ ಓದಿಕೊಂಡರು. ನೀರು ನಿಂತದ್ದು ಏಳುನೂರ ಐವತ್ತು ಮಿಲಿಲೀಟರಿಗೆ.