ಯಾರೂ ಸಹಿ ಹಾಕದ ಪ್ರೋಗ್ರಾಂ

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ರಾಜಾಜಿನಗರದ ನಮ್ಮ ಪುಟ್ಟ ಕಾರ್ಖಾನೆಗೂ ಒಂದು ಕಂಪ್ಯೂಟರ್ ಬಂತು. ಅದಕ್ಕೆಂದೇ ಒಂದು ಗಾಜಿನ ಕೋಣೆ. ಒಳಗೆ ಹೋಗುವವರು ಚಪ್ಪಲಿ ಬಿಡಬೇಕು. ಟೈಪಿಸ್ಟ್ ಆಗಿದ್ದ ನಾನು ಒಂದು ವಾರ ತರಬೇತಿ ಪಡೆದು ಅದರ ಉಸ್ತುವಾರಿ ವಹಿಸಿಕೊಂಡೆ. ಆ ವಾರದಲ್ಲಿ ಕಲಿಯದೆ ಉಳಿದದ್ದು ಏನಾದರೂ ಇರಬಹುದೆಂಬ ಅನುಮಾನ ನನಗೆ ಲವಲೇಶವೂ ಇರಲಿಲ್ಲ!

ಒಂದು ದಿನ ಅದು ಡಿಸ್ಕ್ ತುಂಬಿದೆಯೆಂದು ಮುಷ್ಕರ ಹೂಡಿತು. ಮ್ಯಾನೇಜರ್ ರಾಮರಾಯರು ಕರೆಸಿದರು.

"ಸರೋಜಮ್ಮ, ನಾಳೆ ಮೂವತ್ತು ಜನಕ್ಕೆ ಇಂಟರ್‌ವ್ಯೂ ಲೆಟರ್ ಹೋಗ್ಬೇಕು. ಜಾಗ ಇಲ್ಲ ಅಂತಿದೆಯಂತಲ್ಲ?"

"ಯಾರೂ ಯೂಸ್ ಮಾಡ್ದೇ ಇರೋ ಪ್ರೋಗ್ರಾಂ ತೆಗೆದ್ರೆ ಆಯ್ತು ಸಾರ್. ನಂಗ್ ಬಿಡಿ."

ಪ್ರಜಾಪ್ರಭುತ್ವದಲ್ಲಿ ನಂಬಿಕೆಯುಳ್ಳವಳಾದ್ದರಿಂದ, ಡಿಸ್ಕಿನಲ್ಲಿದ್ದ ಹೆಸರುಗಳನ್ನೆಲ್ಲ ಹಾಳೆಯ ಮೇಲೆ ಬರೆದು, "ತಾವು ಬಳಸುವ ಪ್ರೋಗ್ರಾಮಿನ ಮುಂದೆ ಸಹಿ ಮಾಡತಕ್ಕದ್ದು, ಸಹಿಯಿಲ್ಲದ್ದನ್ನು ಅಳಿಸಲಾಗುವುದು" ಎಂಬ ಸುತ್ತೋಲೆ ಹೊರಡಿಸಿದೆ.

ಸಂಜೆ ಹಾಳೆ ವಾಪಸ್ ಬಂತು. ಎಲ್ಲರೂ ಹೆಚ್ಚುಕಡಿಮೆ ಎಲ್ಲದಕ್ಕೂ ಸಹಿ ಹಾಕಿದ್ದರು! ತಮಗೆ ಕಂಪ್ಯೂಟರ್ ಬಾರದೆಂದು ಮ್ಯಾನೇಜರಿಗೆ ಗೊತ್ತಾದೀತೆಂಬ ಭಯ. ಸ್ಟೋರ್ಸಿನ ನಂಜುಂಡಯ್ಯನವರಂತೂ ಚೆಸ್ ಆಟದ ಮುಂದೆಯೂ ಸಹಿ ಮಾಡಿ ತಾರೀಖು ಹಾಕಿದ್ದರು.

"ಚೆಸ್ ಯಾಕೆ ಸಾರ್ ನಿಮ್ಗೆ?"

"ಇರ್ಲಿ ಬಿಡಮ್ಮ, ಸ್ಟಾಕ್ ಚೆಕ್ ಮಾಡೋಕೆ ಬೇಕಾಗುತ್ತೆ."

ಹಾಳೆಯ ಹಿಂಬದಿಗೆ ಸರಿದು ಸಹಿ ಬೀಳದೆ ಉಳಿದದ್ದು ಒಂದೇ ಹೆಸರು: ಕಮಾಂಡ್. ನಾನೂ ಅದನ್ನು ಎಂದೂ ತೆರೆದಿರಲಿಲ್ಲ. ಅಪ್ಪಣೆ ಕೊಡಲು ರಾಯರಿರುವಾಗ ಇನ್ನೊಂದು ಕಮಾಂಡ್ ಯಾಕೆ? ಅಳಿಸಿಬಿಟ್ಟೆ. ಕಂಪ್ಯೂಟರ್ ಚಕಾರವೆತ್ತಲಿಲ್ಲ. ವಿಜಯನಗರದ ಮನೆಗೆ ಹೋಗಿ ಗಂಡನ ಮುಂದೆ ಕೊಚ್ಚಿಕೊಂಡೆ.

"ಸರಿಯಾಗ್ ನೋಡಿ ಅಳ್ಸಿದ್ಯಾ?" ಎಂದರು.

"ರೀ, ನಾನು ಟ್ರೈನಿಂಗ್ ತಗೊಂಡೋಳು!"

ಬೆಳಿಗ್ಗೆ ಸ್ವಿಚ್ ಹಾಕಿದೆ. ಕಪ್ಪು ಪರದೆಯ ಮೇಲೆ ಒಂದೇ ಸಾಲು: ಕಮಾಂಡ್ ಕಾಣೆಯಾಗಿದೆ. ಆರಿಸಿ ಮತ್ತೆ ಹಾಕಿದೆ. ಕೈಮುಗಿದೆ. ಕಮಾಂಡ್ ಮರಳಲಿಲ್ಲ!

"ಸಾರ್, ಅಳ್ಸಿದ್ದು ನಾನೇ," ಎಂದು ರಾಯರ ಮುಂದೆ ನಿಂತೆ. ಪತ್ರ ಅಂದೇ ಹೋಗದಿದ್ದರೆ ಮೂವತ್ತು ಜನರ ಇಂಟರ್‌ವ್ಯೂ ತಪ್ಪುತ್ತಿತ್ತು. ಅವರಲ್ಲೊಬ್ಬಳು, ಬಿನ್ನಿಪೇಟೆಯ ಹೆಣ್ಣುಮಗಳು, ಆಗಲೇ ಮೂರು ಸಲ ಬಂದು ವಿಚಾರಿಸಿ ಹೋಗಿದ್ದಳು.

ರಾಯರು ಬಾಯಿ ತೆರೆಯುವ ಮೊದಲೇ ನಂಜುಂಡಯ್ಯನವರು ಮೂಲೆಗೆ ಸೇರಿದ್ದ ಟೈಪ್‌ರೈಟರನ್ನು ಧೂಳಿನ ಸಮೇತ ಹೊತ್ತು ತಂದರು.

"ನೀನ್ ಲೆಟರ್ ಹೊಡಿಯಮ್ಮ. ವಿಳಾಸ ನಾವ್ ಬರೀತೀವಿ."

ಅರ್ಜಿಗಳ ಕಟ್ಟು ಬಿಚ್ಚಿದರು. ಕಂಪ್ಯೂಟರ್ ಬಲ್ಲೆವೆಂದು ಸಹಿ ಹಾಕಿದವರೆಲ್ಲ ಸಾಲಾಗಿ ಕುಳಿತು ಪೆನ್ನಿನಲ್ಲಿ ವಿಳಾಸ ಬರೆದರು. ಟಪಾಲು ತೆಗೆಯುವ ಹೊತ್ತಿಗೆ ಸರಿಯಾಗಿ ಮೂವತ್ತೂ ಕವರು ಡಬ್ಬಕ್ಕೆ ಬಿದ್ದವು. ನನ್ನ ಬೆರಳು ಊದಿತ್ತು, ಎದೆ ಹಗುರಾಗಿತ್ತು.

ಎಲ್ಲ ಮುಗಿದ ಮೇಲೆ ಕಂಪ್ಯೂಟರ್ ರಿಪೇರಿಯ ಇಂಜಿನಿಯರ್ ಬಂದರು. ಚೀಲದಿಂದ ಒಂದು ಫ್ಲಾಪಿ ತೆಗೆದು ಹಾಕಿ, ಎರಡೇ ನಿಮಿಷದಲ್ಲಿ ಕಮಾಂಡನ್ನು ಮರಳಿಸಿದರು.

"ಮೇಡಂ, ನೀವ್ ಹೇಳಿದ್ದು ಕಂಪ್ಯೂಟರಿಗೆ ಅರ್ಥ ಆಗೋದೇ ಇದ್ರಿಂದ. ತೆಗೆದ್ರೂ ಸಿಗೋದು ನಾಕಾರು ಲೆಟರ್ ಹಿಡಿಸೋಷ್ಟು ಜಾಗ!"

ರಾಯರು ಎಲ್ಲರನ್ನೂ ಸೇರಿಸಿದರು. "ಈಗ ನಿಜ ಹೇಳಿ. ಯಾರ್ ಯಾವ್ದು ಯೂಸ್ ಮಾಡ್ತೀರಾ?"

"ಸಾರ್," ಎಂದರು ನಂಜುಂಡಯ್ಯನವರು, "ನಾನ್ ಆ ರೂಮಿಗೆ ಹೋಗೋದೇ ಎ.ಸಿ. ಗಾಳಿಗೆ."

ಎಲ್ಲರೂ ಗೊಳ್ಳೆಂದು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಒಪ್ಪಿಕೊಂಡರು. ಬೇಡದ್ದನ್ನೆಲ್ಲ ಫ್ಲಾಪಿಗಳಿಗೆ ಇಳಿಸಿಟ್ಟು ಅಳಿಸಿದಾಗ ಅರ್ಧ ಡಿಸ್ಕ್ ಖಾಲಿ!

ಮರುವಾರದಿಂದ ಎಲ್ಲರಿಗೂ ಕಂಪ್ಯೂಟರ್ ಪಾಠವೆಂದು ರಾಯರು ಘೋಷಿಸಿದರು. ಪಾಠ ಹೇಳುವವಳು ನಾನೇ ತಾನೆ? ಸೆರಗು ಸರಿಮಾಡಿಕೊಂಡು ಎದ್ದೆ.

"ನೀವ್ ಕೂತ್ಕೊಳ್ಳಿ ಸರೋಜಮ್ಮ," ಎಂದರು ರಾಯರು. "ಫಸ್ಟ್ ಬೆಂಚು ನಿಮ್ದೇ."

ಕೂತೆ.